ಜೇನು ಯಾಕೆ ಎದ್ದಾವು?

“ಜೇನ ಎದ್ದಾವು! ಮಕಾಡೆ ಬೀಳ್ರೋ!”

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಹೊಲದ ದುಡಿಮೆ ಮಾಡಿದವರಿಗೆ ಈ ಕೂಗು ಹೊಸದಲ್ಲ. ಕಬ್ಬಿನ ರವದಿಗೆ ಯಾರೋ ಬೆಂಕಿ ಇಟ್ಟಿರುತ್ತಾರೆ, ಇಲ್ಲವೆ ಹುಣಸೆಮರಕ್ಕೆ ಹುಡುಗರು ಕಲ್ಲು ಬೀಸಿರುತ್ತಾರೆ. ಕೆಲವೊಮ್ಮೆ ಏನೂ ನಡೆಯದೆಯೇ ಆಕಾಶ ಗುಂಯ್‌ಗುಡತೊಡಗುತ್ತದೆ. ದನಗಳು ಕಣ್ಣಿ ಹರಿದುಕೊಂಡು ಓಡುತ್ತವೆ, ಆಳುಗಳು ದಿಕ್ಕಾಪಾಲಾಗುತ್ತಾರೆ. ಸಂಜೆ ಕಟ್ಟೆಯ ಮೇಲೆ ಮಾತು ಶುರುವಾಗುತ್ತದೆ: “ಆ ಹುಟ್ಟು ಭಾಳ ಸಿಟ್ಟಿಂದು ನೋಡ್ರಿ, ಅದನ್ನ ಸುಟ್ಟುಬಿಡಬೇಕು.”

ಈ ತೀರ್ಪನ್ನು ಒಪ್ಪದಿರುವುದಕ್ಕೆ ನನ್ನಲ್ಲಿ ಕಾರಣಗಳಿವೆ. ಕೀಟಕ್ಕೆ ಬರುವ ಸಿಟ್ಟು ಒಳಗೇ ಹುಟ್ಟಿ ಹೊರಗೆ ಹರಿಯುವಂಥದ್ದಲ್ಲ. ಅದು ಕಣ್ಣಿನಿಂದ, ಮೀಸೆಯಂತೆ ಚಾಚಿದ ಕುಡಿಕೊಂಬಿನಿಂದ, ಕಾಲಿಗೆ ತಾಗುವ ಅದುರಿನಿಂದ ಒಳಗೆ ಬರುತ್ತದೆ. ಯಾವ ಸುದ್ದಿ ಒಳಗೆ ಹೋಯಿತು ಎಂಬುದರ ಮೇಲೆ ಅದು ಸುಮ್ಮನಿರುತ್ತದೋ ಮೇಲೆ ಬೀಳುತ್ತದೋ ತೀರ್ಮಾನವಾಗುತ್ತದೆ. ಆ ಸುದ್ದಿಯನ್ನು ಬಹಳಷ್ಟು ಸಲ ಕೊಡುವವರು ನಾವೇ.

ನಮ್ಮ ಸೀಮೆಯನ್ನೇ ನೋಡಿ. ಗೋಕಾಕ ಫಾಲ್ಸ್‌ನಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಮರಳುಗಲ್ಲಿನ ಕೊರಕಲಿಗೆ ಧುಮುಕುತ್ತಾಳೆ. ಮೇಲೆ ತೂಗುಸೇತುವೆ, ದಂಡೆಯಲ್ಲಿ ಹಳೆಯ ಗಿರಣಿ. ಮೇಲ್ಹರಿವಿನಲ್ಲಿ ಧೂಪದಾಳದ ಒಡ್ಡು, ಅದಕ್ಕೂ ಮೇಲೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಜಲಾಶಯ. ಕಾಲುವೆ ನೀರು ಹರಿದಲ್ಲೆಲ್ಲ ಕಬ್ಬು, ಅರಿಸಿನ, ಗೋವಿನಜೋಳ. ನಡುನಡುವೆ ಸೂರ್ಯಕಾಂತಿ, ಬದುವಿನಲ್ಲಿ ಬೇವು, ಹುಣಸೆ, ಆಲ. ಹೆಜ್ಜೇನಿಗೆ ಬೇಕಾದದ್ದು ಎತ್ತರದ ತಾಣ, ಮೇಲೊಂದು ಚಾಚು, ಹತ್ತಿರ ನೀರು, ಸುತ್ತ ಹೂವು. ಬಂಡೆ ಸಿಗದಿದ್ದರೆ ಮರ, ಮರವೂ ಇಲ್ಲದಿದ್ದರೆ ನೀರಿನ ಟಾಕಿ, ಸೇತುವೆಯ ಕೆಳಮೈ, ಶಾಲೆಯ ಸಜ್ಜಾ ಅದಕ್ಕೆ ಸಾಕು. ಹೆಜ್ಜೇನು ವಲಸೆಗಾರ. ಹೂವಿನ ಕಾಲ ಮುಗಿದಾಗ ಹುಟ್ಟು ಬಿಟ್ಟು ಹೋಗುತ್ತದೆ, ತಿಂಗಳುಗಳ ನಂತರ ಬಹಳ ಸಲ ಅದೇ ಕೊಂಬೆಗೆ, ಅದೇ ಬಂಡೆಗೆ ಮರಳುತ್ತದೆ.

ತುಡುವೆ ಜೇನು ಪೊಟರೆಯೊಳಗೆ ಮನೆ ಮಾಡುತ್ತದೆ, ಅದಕ್ಕೊಂದು ಬಾಗಿಲಿದೆ, ಬಾಗಿಲಲ್ಲಿ ಕಾವಲಿದೆ. ಹೆಜ್ಜೇನಿಗೆ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. ಒಂದೇ ಒಂದು ದೊಡ್ಡ ತಟ್ಟಿ, ಕೆಲವೊಮ್ಮೆ ಮಾರಿನಷ್ಟು ಅಗಲ, ಬಿಸಿಲಿಗೆ ಗಾಳಿಗೆ ತೆರೆದು ಜೋತಾಡುತ್ತದೆ. ಮರಿ, ತುಪ್ಪ ಎರಡೂ ಅದರಲ್ಲೇ. ಅದನ್ನು ಮುಚ್ಚಿ ಕಾಯುವುದು ಪದರಪದರವಾಗಿ ಒಂದರ ಮೇಲೊಂದು ಹಿಡಿದುಕೊಂಡ ಸಾವಿರಾರು ನೊಣಗಳ ಮೈಯೇ. ಇಷ್ಟು ಬಯಲಲ್ಲಿ ಸಂಸಾರ ಹೂಡಿದ ಜೀವಕ್ಕೆ ದೂರದಿಂದಲೇ ಅಪಾಯ ಗುರುತಿಸುವ ಕಣ್ಣು ಬೇಕೇ ಬೇಕು.

ಹೆಜ್ಜೇನಿನ ಹುಟ್ಟನ್ನು ದೂರದಲ್ಲಿ ನಿಂತು ಸಾವಧಾನವಾಗಿ ನೋಡಿದವರಿಗೆ ಅದರ ಮೈಮೇಲೆ ಆಗಾಗ ಒಂದು ಅಲೆ ಹಾಯುವುದು ಕಂಡಿರುತ್ತದೆ. ಹೊರಪದರದ ನೊಣಗಳು ಸಾಲಾಗಿ ಹೊಟ್ಟೆಯ ತುದಿಯನ್ನು ಮೇಲಕ್ಕೆತ್ತಿ ಇಳಿಸುತ್ತವೆ. ಪಕ್ಕದವು ಅದನ್ನು ಹಿಡಿದು ಮುಂದಕ್ಕೆ ದಾಟಿಸುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಲೆ ಇಡೀ ಹುಟ್ಟನ್ನು ಹಾಯ್ದುಬಿಡುತ್ತದೆ. ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದ ಗೆರಾಲ್ಡ್ ಕಾಸ್ಟ್‌ಬರ್ಗರ್ ಮತ್ತು ಸಂಗಡಿಗರು ನೇಪಾಳದಲ್ಲಿ ಇದನ್ನು ಚಿತ್ರೀಕರಿಸಿ, ದೊಡ್ಡ ಕಣಜಗಳನ್ನು ಹಿಮ್ಮೆಟ್ಟಿಸಲು ಈ ಅಲೆ ನೆರವಾಗುತ್ತದೆ ಎಂದು 2008ರಲ್ಲಿ ತೋರಿಸಿದರು. ಹತ್ತಿರ ಬರುವ ಕಣಜಕ್ಕೆ ಹುಟ್ಟೇ ಒಂದು ದೊಡ್ಡ ಪ್ರಾಣಿಯಂತೆ ಮೈ ಕೊಡವಿದಂತಾಗಿ ಅದು ದಿಕ್ಕು ಬದಲಿಸುತ್ತದೆ. ಒಂದು ನೊಣವೂ ಹಾರಲಿಲ್ಲ, ಒಂದು ಮುಳ್ಳೂ ಖರ್ಚಾಗಲಿಲ್ಲ.

ಈ ಅಲೆಯನ್ನು ಎಬ್ಬಿಸುವುದು ಯಾವ ನೋಟ? ತಿರುವನಂತಪುರದ ಐಸರ್ ಸಂಸ್ಥೆಯಲ್ಲಿ ಹೇಮಾ ಸೋಮನಾಥನ್ ಅವರ ತಂಡ ಹೆಜ್ಜೇನಿನ ಮುಂದೆ ಬೇರೆಬೇರೆ ಅಳತೆಯ ಬಿಲ್ಲೆಗಳನ್ನು ಆಡಿಸಿ ನೋಡಿತು. ಬೆಳಕಿನ ಹಿನ್ನೆಲೆಯಲ್ಲಿ ಕಪ್ಪು ಬಿಲ್ಲೆ ಚಲಿಸಿದಾಗ ಅಲೆ ಏಳುತ್ತಿತ್ತು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಬಿಲ್ಲೆ ಆಡಿಸಿದರೆ ಏಳುತ್ತಿರಲಿಲ್ಲ. ಬಿಲ್ಲೆ ತೀರ ಚಿಕ್ಕದಾದರೂ ಗಮನವಿಲ್ಲ. 2022ರಲ್ಲಿ ಪ್ರಕಟವಾದ ಈ ಅಧ್ಯಯನ ನಮ್ಮ ರೈತರಿಗೆ ತಲುಪಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಯಾಕೆಂದರೆ ಬಿಳಿ ಆಕಾಶದ ಎದುರು ಚಲಿಸುವ ಕಪ್ಪು ವಸ್ತು ಎಂದರೆ ಕಣಜ, ಜೇನುಗಿಡುಗ ಮಾತ್ರವಲ್ಲ. ಕಬ್ಬಿಗೆ ಔಷಧ ಹೊಡೆಯಲು ಬಂದಿರುವ ಡ್ರೋನ್ ಕೂಡ ಹೆಜ್ಜೇನಿನ ಕಣ್ಣಿಗೆ ಹಾಗೆಯೇ ಕಾಣುವ ಸಂಭವವಿದೆ. ಹುಟ್ಟು ಇರುವ ಮರದ ಹತ್ತಿರ ಅದನ್ನು ಹಾರಿಸದಿರುವುದು ವಿವೇಕ. ಇನ್ನು ಜೇನುಗಿಡುಗ ಹುಟ್ಟಿಗೆ ಎರಗಿ ತಟ್ಟಿ ಕಿತ್ತೊಯ್ದಾಗ ಎದ್ದ ನೊಣಗಳು ಕೆಳಗೆ ಹಾದುಹೋಗುವವರ ಮೇಲೂ ಬೀಳುತ್ತವೆ. “ಏನೂ ಮಾಡದೇ ಇದ್ದರೂ ಎದ್ದವು” ಎನ್ನುವ ಎಷ್ಟೋ ಪ್ರಸಂಗಗಳ ಹಿಂದೆ ಈ ಹಕ್ಕಿ ಇರುತ್ತದೆ.

ಅಲೆ ಎಚ್ಚರಿಕೆ ಮಾತ್ರ. ಕುಟುಕುವುದು ಅದರ ಮುಂದಿನ ಹಂತ. ಅದನ್ನು ಕೆರಳಿಸುವ ಸಂಗತಿಗಳನ್ನು ಬ್ರಿಟನ್ನಿನ ಜೆ.ಬಿ. ಫ್ರೀ 1961ರಲ್ಲೇ ಒಂದೊಂದಾಗಿ ಪರೀಕ್ಷಿಸಿದ್ದರು. ಅಲ್ಲಿನ ಸಾಕುಜೇನಿನ ಗೂಡಿನ ಮುಂದೆ ಉಂಡೆಗಳನ್ನು ತೂಗಾಡಿಸಿ ಯಾವುದಕ್ಕೆ ಹೆಚ್ಚು ಮುಳ್ಳು ನಾಟುತ್ತವೆ ಎಂದು ಎಣಿಸಿದರು. ನಿಂತದ್ದಕ್ಕಿಂತ ಅಲುಗಾಡುವುದಕ್ಕೆ, ತಿಳಿಬಣ್ಣಕ್ಕಿಂತ ಗಾಢಬಣ್ಣಕ್ಕೆ, ನುಣುಪಿಗಿಂತ ಒರಟಿಗೆ ಹೆಚ್ಚು ಪೆಟ್ಟು. ಜೊತೆಗೆ ಪ್ರಾಣಿಯ ಮೈವಾಸನೆ, ಉಸಿರು. ಇವೆಲ್ಲ ಕೂಡಿದರೆ ಕರಡಿಯ ಚಿತ್ರ ಬರುತ್ತದೆ. ಕಪ್ಪು ಕೂದಲು, ಆಡುವ ಕಣ್ಣು, ಬಿಸಿಯುಸಿರು ಇರುವ ನಮ್ಮ ಮುಖವೂ ಅದೇ ಲೆಕ್ಕಕ್ಕೆ ಬೀಳುತ್ತದೆ. ನೊಣಗಳು ಮೊದಲು ಮುಖ, ತಲೆಗೇ ನುಗ್ಗುವುದಕ್ಕೆ ಇದೇ ಕಾರಣ. ಕೆಂಪು ಬಟ್ಟೆಗೆ ಜೇನು ಕೆರಳುತ್ತದೆ ಎನ್ನುವ ಮಾತೂ ಇದೆ. ಜೇನುನೊಣಕ್ಕೆ ಕೆಂಪು ಬಣ್ಣವೆಂದು ಕಾಣುವುದೇ ಇಲ್ಲ, ಕಪ್ಪಿನ ಹಾಗೆ ಕಾಣುತ್ತದೆ. ಕುರಿಗಾರರ ಕರಿ ಕಂಬಳಿಯದು ಎರಡಲಗಿನ ಕಥೆ. ದಪ್ಪಗಿರುವುದರಿಂದ ಮುಳ್ಳು ಮೈ ಮುಟ್ಟದು, ಆದರೆ ಕಪ್ಪಗೆ ಒರಟಾಗಿರುವುದರಿಂದ ನೊಣದ ಕಣ್ಣಿಗೆ ಬೇಗ ಬೀಳುತ್ತದೆ. ಹೊದ್ದು ಅಲುಗಾಡದೆ ಮಲಗಿದರೆ ಕಾಯುತ್ತದೆ, ಬೀಸುತ್ತ ಓಡಿದರೆ ಕರೆದು ತರುತ್ತದೆ.

ಇಲ್ಲಿಯವರೆಗೆ ಕಣ್ಣಿನ ಮಾತಾಯಿತು. ಒಂದು ನೊಣದ ಸಿಟ್ಟನ್ನು ಇಡೀ ಹುಟ್ಟಿನ ಸಿಟ್ಟಾಗಿ ಮಾಡುವುದು ವಾಸನೆ.

ಜೇನುನೊಣದ ಮುಳ್ಳಿಗೆ ಕೊಕ್ಕೆಗಳಿವೆ. ನಮ್ಮ ಚರ್ಮಕ್ಕೆ ನಾಟಿದ ಮೇಲೆ ಅದು ಹೊರಬರುವುದಿಲ್ಲ. ನೊಣ ಹಾರಿಹೋಗುವಾಗ ಮುಳ್ಳು, ವಿಷದ ಚೀಲ, ಅದನ್ನು ಒತ್ತುವ ಸ್ನಾಯು ಎಲ್ಲ ಕಿತ್ತುಕೊಂಡು ಚರ್ಮದಲ್ಲೇ ಉಳಿಯುತ್ತವೆ. ನೊಣ ಸಾಯುತ್ತದೆ. ಆದರೆ ಕಿತ್ತುಬಿದ್ದ ಮುಳ್ಳು ತಾನೇ ಮಿಡಿಯುತ್ತ ವಿಷ ಇಳಿಸುತ್ತಿರುತ್ತದೆ, ಜೊತೆಗೆ ಒಂದು ವಾಸನೆ ಬಿಡುತ್ತಿರುತ್ತದೆ. ಕೆನಡಾದ ಸಂಶೋಧಕರು 1962ರಲ್ಲಿ ಇದರ ಮುಖ್ಯ ಅಂಶವನ್ನು ಗುರುತಿಸಿದರು: ಐಸೊಪೆಂಟೈಲ್ ಅಸಿಟೇಟ್. ಮಾಗಿದ ಬಾಳೆಹಣ್ಣಿನಂಥ ವಾಸನೆ ಅದಕ್ಕೆ. ಜೇನು ಸಾಕುವವರು ಪೆಟ್ಟಿಗೆಯ ಹತ್ತಿರ ಬಾಳೆಹಣ್ಣು ತಿನ್ನಬೇಡಿ ಎನ್ನುವುದು ಈ ಕಾರಣಕ್ಕೆ. ಈ ವಾಸನೆ ಕುಡಿಕೊಂಬಿಗೆ ತಾಗಿದೊಡನೆ ಉಳಿದ ನೊಣಗಳು ಎದ್ದು, ವಾಸನೆ ಬಂದ ಜಾಗವನ್ನೇ ಹುಡುಕಿ ಹೊಡೆಯುತ್ತವೆ. ಮೊದಲ ಮುಳ್ಳು ಬಿದ್ದ ಮನುಷ್ಯನ ಮೈಮೇಲೆ ಗುರುತು ಬಿದ್ದಂತಾಯಿತು. ಹೆಜ್ಜೇನಿನ ಮುಳ್ಳಿನಲ್ಲಿ ಇದರ ಜೊತೆಗೆ ನಿಧಾನವಾಗಿ ಆವಿಯಾಗುವ ಇನ್ನೊಂದು ರಾಸಾಯನಿಕವೂ ಇದೆ. ಹಾಗಾಗಿ ಅದರ ಕೋಪ ಬೇಗ ಇಳಿಯದು, ಬೆನ್ನಟ್ಟಿದರೆ ಬಹುದೂರ ಬೆನ್ನಟ್ಟುತ್ತದೆ.

ಈಗ ಮೊದಲಿನ ಕೂಗಿಗೆ ಬರೋಣ. ಮಕಾಡೆ ಬೀಳು ಎನ್ನುವ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಅಲುಗಾಟವಿಲ್ಲದಿದ್ದರೆ ಕಣ್ಣಿಗೆ ಬೀಳುವುದಿಲ್ಲ, ಮುಖ ನೆಲಕ್ಕಿದ್ದರೆ ಉಸಿರೂ ಕಪ್ಪು ಕಣ್ಣೂ ಮರೆಯಾಗುತ್ತವೆ. ಮುಳ್ಳು ಬೀಳುವ ಮೊದಲು ಈ ಉಪಾಯ ಸರಿ. ಒಂದು ಸಲ ಮುಳ್ಳು ಬಿದ್ದ ಮೇಲೆ ವಾಸನೆಯ ಗುರುತು ಮೈಮೇಲಿದೆ. ಆಗ ಮಲಗಿದಲ್ಲೇ ಮಲಗಿದರೆ ಎಲ್ಲ ನೊಣಗಳೂ ಅಲ್ಲಿಗೇ ಬರುತ್ತವೆ. ಮುಖ ಮುಚ್ಚಿಕೊಂಡು ನೇರ ಓಡಿ ಬಾಗಿಲಿರುವ ಕೋಣೆ ಅಥವಾ ಗಾಜೇರಿಸಿದ ವಾಹನ ಸೇರುವುದೇ ದಾರಿ. ಬಾವಿ, ಕಾಲುವೆಗೆ ಹಾರುವುದು ಬೇಡವೇ ಬೇಡ. ತಲೆ ಎತ್ತುವುದನ್ನೇ ಕಾಯುತ್ತ ನೊಣಗಳು ಮೇಲೆ ಸುತ್ತುತ್ತಿರುತ್ತವೆ, ಈಜು ಬಂದವರೂ ಗಾಬರಿಯಲ್ಲಿ ಮುಳುಗುತ್ತಾರೆ.

ಹೊಗೆಯ ಗುಟ್ಟೂ ಮೂಗಿನದೇ. ಜೇನು ಬಿಡಿಸುವವರು ತಲೆತಲಾಂತರದಿಂದ ಹೊಗೆ ಹಾಕುತ್ತ ಬಂದಿದ್ದಾರೆ. ಹೊಗೆ ಕಂಡ ಜೇನು ಕಾಡ್ಗಿಚ್ಚೆಂದು ತಿಳಿದು ಹೊಟ್ಟೆ ತುಂಬ ತುಪ್ಪ ಕುಡಿದು ಮಂದವಾಗುತ್ತದೆ ಎಂಬುದು ಹಳೆಯ ವಿವರಣೆ. ಅದೂ ಸುಳ್ಳಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಿರ್ಕ್ ವಿಷರ್ ಮತ್ತು ಸಂಗಡಿಗರು 1995ರಲ್ಲಿ ಕುಡಿಕೊಂಬಿನ ವಿದ್ಯುತ್ ಮಿಡಿತವನ್ನೇ ಅಳೆದಾಗ ಇನ್ನೊಂದು ಸಂಗತಿ ತಿಳಿಯಿತು. ಹೊಗೆ ತಾಗಿದ ಕುಡಿಕೊಂಬು ಮುಳ್ಳಿನ ಆ ಎಚ್ಚರಿಕೆಯ ವಾಸನೆಯನ್ನು ಸರಿಯಾಗಿ ಗ್ರಹಿಸುತ್ತಿರಲಿಲ್ಲ. ಹತ್ತಿಪ್ಪತ್ತು ನಿಮಿಷದಲ್ಲಿ ಅದು ಮತ್ತೆ ಮೊದಲಿನಂತಾಗುತ್ತಿತ್ತು. ಸುದ್ದಿ ತಲುಪದ್ದರಿಂದ ಸಿಟ್ಟೂ ಏಳಲಿಲ್ಲ. ತಣ್ಣನೆಯ, ತೆಳುವಾದ ಹೊಗೆಯ ಮಾತು ಇದು. ಹುಟ್ಟಿನ ಕೆಳಗೆ ರವದಿ ಉರಿಸಿದರೆ ಆಗುವುದೇ ಬೇರೆ. ತಟ್ಟಿಯ ಮೇಣ ಕರಗಿ, ರೆಕ್ಕೆ ಸುಟ್ಟು, ಹುಟ್ಟು ಒಡೆಯುತ್ತದೆ, ಉಳಿದವು ಸುತ್ತಲ ಹೊಲಗಳ ತುಂಬ ಚೆಲ್ಲಿಹೋಗುತ್ತವೆ. ಕಬ್ಬು ಕಡಿದ ಮೇಲೆ ರವದಿ ಸುಡುವವರು ಬದುವಿನ ಮರಗಳತ್ತ ಒಮ್ಮೆ ತಲೆ ಎತ್ತಿ ನೋಡುವುದಿಲ್ಲವಲ್ಲ ಎಂಬುದು ನನ್ನ ನೋವು. ರವದಿ ಸುಡುವುದೇ ಮಣ್ಣಿಗೆ ಕೇಡು, ಅದು ಬೇರೆ ಮಾತು.

ಮಲೇಷಿಯಾದ ಕಾಡಿನ ಜೇನುಬೇಟೆಗಾರರು ಕಣ್ಣಿನ ವಿದ್ಯೆಯನ್ನೇ ಬಳಸುತ್ತಾರೆ. ಚಂದ್ರನಿಲ್ಲದ ಕತ್ತಲಲ್ಲಿ ತುವಾಲಾಂಗ್ ಎಂಬ ಹೆಮ್ಮರ ಹತ್ತಿ, ಹುಟ್ಟಿನ ಹತ್ತಿರ ಪಂಜನ್ನು ಕೊಂಬೆಗೆ ಬಡಿಯುತ್ತಾರೆ. ಕಿಡಿಗಳು ಮಳೆಯಂತೆ ಉದುರುತ್ತವೆ, ಹೆಜ್ಜೇನುಗಳು ಅವನ್ನು ಬೆನ್ನಟ್ಟಿ ನೆಲಕ್ಕಿಳಿಯುತ್ತವೆ. ಇದೇ ವಿದ್ಯೆ ನಮ್ಮಲ್ಲಿ ಅರಿವಿಲ್ಲದೆ ತಿರುಗುಬಾಣವಾಗುತ್ತದೆ: ರಾತ್ರಿ ಹುಟ್ಟು ಕೆದಕಿದ ಊರಿನಲ್ಲಿ ಕತ್ತಲಲ್ಲಿ ಎದ್ದ ನೊಣಗಳು ಮನೆಯ ದೀಪಗಳಿಗೆ ಬಂದು ಮುತ್ತುತ್ತವೆ.

ವಾಸನೆ ಸಿಟ್ಟನ್ನು ಎಬ್ಬಿಸುವಂತೆ ಇಳಿಸಲೂ ಬಲ್ಲದು. 2015ರಲ್ಲಿ ಫ್ರಾನ್ಸ್ ಮತ್ತು ಆಸ್ಟ್ರೇಲಿಯಾದ ಸಂಶೋಧಕರು ಎಚ್ಚರಿಕೆಯ ವಾಸನೆಯ ಜೊತೆಗೆ ಕೆಲವು ಹೂವಿನ ಕಂಪನ್ನು ಬೆರೆಸಿದರು. ಲಿನಲೂಲ್ ಎಂಬ ಅಂಶ ಅದರಲ್ಲೊಂದು, ನಮ್ಮ ಕೊತ್ತಂಬರಿ ಬೀಜದ ಘಮದಲ್ಲೂ ಇರುವಂಥದ್ದು. ಅದು ಬೆರೆತಾಗ ನೊಣಗಳು ಕುಟುಕಲು ಮುಂದಾಗಲಿಲ್ಲ. ಅನ್ನದ ನೆನಪು ತರುವ ಕಂಪು ಯುದ್ಧದ ಕರೆಯನ್ನು ಅಡಗಿಸಿತು. ಇದನ್ನೋದಿ ಯಾರೂ ಅತ್ತರು ಪೂಸಿಕೊಂಡು ಹುಟ್ಟಿನ ಹತ್ತಿರ ಹೋಗಬಾರದು, ಇದು ಪ್ರಯೋಗಾಲಯದೊಳಗಿನ ಮಾತು. ಆದರೆ ಇದಕ್ಕೆ ಹೊಂದುವ ನೋಟ ನಮ್ಮ ಬೆಲ್ಲದ ಗಾಣಗಳಲ್ಲಿ ದಿನವೂ ಇದೆ. ಕಬ್ಬಿನ ಹಾಲಿನ ಡ್ರಮ್ಮಿಗೆ, ಬೆಲ್ಲದ ಅಚ್ಚಿಗೆ ನೂರಾರು ಜೇನು ಮುತ್ತುತ್ತವೆ. ಗಾಣದವರು ಅವುಗಳ ನಡುವೆಯೇ ಕೈಯಾಡಿಸುತ್ತಾರೆ. ಮೈಗೆ ಒತ್ತಿ ಸಿಕ್ಕಿಹಾಕಿಕೊಳ್ಳದಿದ್ದರೆ ಅವು ಕುಟುಕುವುದಿಲ್ಲ. ಮನೆಯಿಂದ ದೂರ, ಸಿಹಿಯ ಮೇಲೆ ಕೂತ ನೊಣಕ್ಕೆ ಕಾಯಬೇಕಾದ್ದು ಏನೂ ಇಲ್ಲ. ಅದೇ ನೊಣ ಹುಟ್ಟಿನ ಮೇಲಿದ್ದಾಗ ಪ್ರಾಣ ಕೊಡುತ್ತದೆ.

ಜೇನಿನದು ಹೊರಗಿನವರ ಮೇಲಿನ ಸಿಟ್ಟು. ಮನೆಯೊಳಗಿನ ಸಿಟ್ಟಿನ ಬಗ್ಗೆ ಜಗತ್ತಿಗೆ ಬಹಳ ಕಲಿಸಿದ್ದು ನಮ್ಮ ಕರ್ನಾಟಕದಲ್ಲೇ ನಡೆದ ಕೆಲಸ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಮತ್ತು ಅವರ ಶಿಷ್ಯರು ದಶಕಗಳ ಕಾಲ ಒಂದು ಚಿಕ್ಕ ಕಣಜವನ್ನು ಅಭ್ಯಾಸ ಮಾಡಿದರು. ಅದರ ಶಾಸ್ತ್ರೀಯ ಹೆಸರು ರೋಪಾಲಿಡಿಯಾ ಮಾರ್ಜಿನೇಟಾ. ದಕ್ಷಿಣ ಭಾರತದ ಉದ್ದಗಲಕ್ಕೂ ಕಾಗದದಂಥ ಗೂಡು ಕಟ್ಟುವ, ನಮ್ಮ ಕಿಟಕಿ ಚೌಕಟ್ಟು, ಗೋಡೆಯ ಸಂದಿಗಳಲ್ಲೂ ಕಾಣುವ ಜಾತಿ ಇದು. ರಾಣಿಗೂ ಆಳಿಗೂ ಮೈಕಟ್ಟಿನಲ್ಲಿ ವ್ಯತ್ಯಾಸವಿಲ್ಲ. ರಾಣಿ ಎಂದರೆ ಎಲ್ಲರನ್ನೂ ಕಚ್ಚಿ ಬೆದರಿಸಿ ಆಳುವವಳು ಎಂದು ಅನೇಕ ಕಣಜಜಾತಿಗಳನ್ನು ನೋಡಿದವರು ತಿಳಿದಿದ್ದರು. ಈ ಜಾತಿಯ ರಾಣಿ ಪರಮ ಸಾಧು, ಯಾರ ತಂಟೆಗೂ ಹೋಗುವುದಿಲ್ಲ. ಆದರೂ ಮೊಟ್ಟೆಯಿಡುವವಳು ಅವಳೊಬ್ಬಳೇ.

ಸಂಶೋಧಕರು ರಾಣಿಯನ್ನು ತೆಗೆದುಬಿಟ್ಟರು. ಸ್ವಲ್ಪ ಹೊತ್ತಿನಲ್ಲೇ ಆಳುಗಳಲ್ಲಿ ಒಬ್ಬಳು ವಿಪರೀತ ಕೆರಳಿ ಉಳಿದವರ ಮೇಲೆ ಏರಿಹೋಗತೊಡಗಿದಳು. ರಾಣಿಯನ್ನು ತಿರುಗಿ ಬಿಟ್ಟರೆ ಅವಳು ತಣ್ಣಗಾಗಿ ಮತ್ತೆ ಆಳಾದಳು. ಬಿಡದಿದ್ದರೆ ಅವಳೇ ಮುಂದಿನ ರಾಣಿ, ಒಂದು ವಾರದ ಆಜುಬಾಜಿನಲ್ಲಿ ಮೊಟ್ಟೆಯಿಡತೊಡಗಿ ತಾನೂ ಸಾಧುವಾದಳು. ಹಾಗಾದರೆ ರಾಣಿ ಇದ್ದಾಳೆ, ಇಲ್ಲ ಎಂಬ ಸುದ್ದಿ ತಲುಪುವುದು ಯಾವ ಇಂದ್ರಿಯದ ಮೂಲಕ? ಗೂಡನ್ನು ಎರಡು ಭಾಗ ಮಾಡಿ ನಡುವೆ ತಂತಿಯ ಜಾಲರಿ ಇಟ್ಟು ರಾಣಿಯನ್ನು ಒಂದು ಬದಿಗೆ ಬಿಟ್ಟರು. ಜಾಲರಿಯಲ್ಲಿ ಗಾಳಿಯಾಡುತ್ತದೆ. ಆದರೂ ಇನ್ನೊಂದು ಬದಿಯಲ್ಲಿ ಒಬ್ಬಳು ಕೆರಳಿ ನಿಂತಳು. ಎಂದರೆ ಸುದ್ದಿ ಗಾಳಿಯಲ್ಲಿ ಬರುವುದಲ್ಲ, ಮುಟ್ಟಿ ತಿಳಿಯುವಂಥದ್ದು. ರಾಣಿ ಹೊಟ್ಟೆಯ ತುದಿಯನ್ನು ಗೂಡಿನ ಮೈಗೆ ಉಜ್ಜುತ್ತ ಓಡಾಡುತ್ತಾಳೆ, ಅಲ್ಲಿ ತನ್ನ ಗ್ರಂಥಿಯ ರಸ ಬಿಡುತ್ತಾಳೆ. ಆ ಗ್ರಂಥಿಯ ಸಾರವನ್ನಷ್ಟೇ ಗೂಡಿಗೆ ಹಚ್ಚಿದಾಗಲೂ ಕೆರಳಿದವಳ ಆವೇಶ ಇಳಿಯಿತು.

ಈ ಕಣಜಗಳಲ್ಲಿ ಆಳುಗಳ ನಡುವಿನ ಸಣ್ಣಪುಟ್ಟ ಏರಾಟಕ್ಕೂ ಅರ್ಥವಿದೆ. ಗೂಡಿನಲ್ಲೇ ಕುಳಿತ ಆಳುಗಳು ಹೊರಗೆ ದುಡಿದು ತರುವವರನ್ನು ಆಗಾಗ ಕಚ್ಚಿ ಕೆಣಕುತ್ತವೆ. ಸಂಶೋಧಕರು ಗೂಡಿಗೆ ತಾವೇ ಆಹಾರ ಕೊಟ್ಟಾಗ ಆ ಕೆಣಕಾಟ ಕಡಿಮೆಯಾಯಿತು. ಮನೆಯಲ್ಲಿ ಹಸಿವಿದೆ, ಹೊರಡು ಎಂಬ ಸುದ್ದಿಯನ್ನು ಈ ಕಚ್ಚಾಟವೇ ಮುಟ್ಟಿಸುತ್ತಿರಬೇಕು ಎಂದು ಅವರು ಕಂಡುಕೊಂಡರು. ಕೀಟದ ಜಗಳವನ್ನು ಕ್ರೌರ್ಯ ಎಂದು ಕರೆಯುವ ಮೊದಲು ಇದನ್ನು ನೆನೆಯಬೇಕು.

ಇನ್ನೆರಡು ಕೀಟಗಳನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ಗಾಣದ ಬಳಿ ಹುಳಿಬಿದ್ದ ಕಬ್ಬಿನ ಹಾಲಿಗೆ ಮುತ್ತುವ ಚಿಕ್ಕ ಹಣ್ಣಿನೊಣದ ಗಂಡುಗಳು ರೆಕ್ಕೆ ಅರಳಿಸಿ ಒಂದಕ್ಕೊಂದು ನುಗ್ಗುತ್ತವೆ ಎಂದು ಆಲ್ಫ್ರೆಡ್ ಸ್ಟರ್ಟಿವಂಟ್ 1915ರಲ್ಲೇ ಬರೆದಿದ್ದರು. ಗಂಡಿನ ಮೈಯಿಂದ ಬರುವ ಒಂದು ವಾಸನೆ ಆ ಜಗಳವನ್ನು ಹೆಚ್ಚಿಸುತ್ತದೆ ಎಂದು 2010ರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯ ವಿಜ್ಞಾನಿಗಳು ತೋರಿಸಿದರು. ಚಿಮ್ಮಂಡೆಗಳ ಗಂಡುಗಳು ಕುಡಿಕೊಂಬಿನಿಂದ ಕುಡಿಕೊಂಬಿಗೆ ಬಡಿದಾಡಿ ಜಗಳ ಶುರುಮಾಡುತ್ತವೆ. ಸೋತದ್ದು ಗಂಟೆಗಟ್ಟಲೆ ಜಗಳಕ್ಕೆ ಬರುವುದಿಲ್ಲ. ಆದರೆ ಅದನ್ನು ಸ್ವಲ್ಪ ಹೊತ್ತು ಹಾರಿಸಿದರೆ ಸೋಲು ಮರೆತು ಮತ್ತೆ ಎದುರು ನಿಲ್ಲುತ್ತದೆ. 2000ದಲ್ಲಿ ಜರ್ಮನಿಯ ಸಂಶೋಧಕರು ಇದನ್ನು ದಾಖಲಿಸುವ ಬಹಳ ಮೊದಲೇ ಚೀನಾದ ಚಿಮ್ಮಂಡೆ ಕಾಳಗದವರು ಸೋತ ಹುಳವನ್ನು ಕೈಯಲ್ಲಿ ಹಾಕಿಕೊಂಡು ಮೇಲಕ್ಕೆ ಚಿಮ್ಮಿಸುತ್ತಿದ್ದರು.

ಮತ್ತೆ ನಮ್ಮ ಹೊಲಕ್ಕೆ ಬರೋಣ. ಹುಟ್ಟು ಸುಡುವುದರಿಂದ ನಷ್ಟ ಯಾರಿಗೆ? ಸೂರ್ಯಕಾಂತಿಯ ತೆನೆ ಜೊಳ್ಳಾಗದೆ ಕಾಳುಗಟ್ಟಲು ಜೇನು ಬೇಕು. ಹೀರೆ, ಸೌತೆ, ಕುಂಬಳದ ಬಳ್ಳಿಗಳಿಗೂ ಬೇಕು. ಪೆಟ್ಟಿಗೆಯಲ್ಲಿ ಸಾಕಲಾಗದ ಹೆಜ್ಜೇನು ಈ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತದೆ, ಬೆಳದಿಂಗಳ ರಾತ್ರಿಯಲ್ಲೂ ಹೂವಿಗೆ ಹೋಗುತ್ತದೆ. ಅದು ಇರುವ ಜಾಗದಲ್ಲಿ ನಾವು ಎಚ್ಚರದಿಂದಿರುವುದು ಕಷ್ಟದ ಕೆಲಸವಲ್ಲ. ಜಾತ್ರೆ, ಮದುವೆಗೆ ಪೆಂಡಾಲ್ ಹಾಕುವ ಮೊದಲು ತಲೆಯ ಮೇಲಿನ ಕೊಂಬೆ ನೋಡಿ. ಹುಟ್ಟು ಇದ್ದರೆ ಪಟಾಕಿ, ಹೊಗೆ, ದೊಡ್ಡ ದೀಪ ಅಲ್ಲಿ ಬೇಡ. ಶಾಲೆಯ ಸಜ್ಜಾದಲ್ಲಿ ಕಟ್ಟಿದ್ದರೆ ಆ ಬದಿಯ ಓಡಾಟ ನಿಲ್ಲಿಸಿ, ಬಲ್ಲವರನ್ನು ಕರೆಸಿ. ಅರಭಾವಿಯಲ್ಲೇ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯವಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಪಂಚಾಯತಿಗಳು ಅಲ್ಲಿನ ಕೀಟಶಾಸ್ತ್ರದವರನ್ನು ಕೂಡಿಕೊಂಡು ಊರಿಗಿಬ್ಬರಂತೆ ಯುವಕರಿಗೆ ಹುಟ್ಟನ್ನು ಕೊಲ್ಲದೆ ಸರಿಸುವ ತರಬೇತಿ ಕೊಡಿಸಲಿ. ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಅಡ್ರಿನಲಿನ್ ಚುಚ್ಚುಮದ್ದು ಸದಾ ಸಿದ್ಧವಿರಲಿ, ಕಬ್ಬಿನ ಹಂಗಾಮಿನಲ್ಲಂತೂ ತಪ್ಪದೆ ಇರಲಿ.

ಕೊನೆಯದಾಗಿ, ಕಡಿಸಿಕೊಂಡವರಿಗೆ: ಸುರಕ್ಷಿತ ಜಾಗ ಸೇರಿದೊಡನೆ ಮುಳ್ಳುಗಳನ್ನು ತೆಗೆಯಿರಿ. ಉಗುರಿನಿಂದ ಕೆರೆದರೂ ಸರಿ, ಚಿವುಟಿ ಕಿತ್ತರೂ ಸರಿ. ವಿಧಾನಕ್ಕಿಂತ ವೇಗ ಮುಖ್ಯ, ಒಂದೊಂದು ಸೆಕೆಂಡು ಹೋದಂತೆ ವಿಷ ಇಳಿಯುತ್ತಿರುತ್ತದೆ. ಉಸಿರು ಕಟ್ಟಿದರೆ, ತುಟಿ ನಾಲಿಗೆ ಬಾತರೆ, ಕಣ್ಣು ಕತ್ತಲೆ ಬಂದರೆ ಒಂದೇ ಮುಳ್ಳು ಬಿದ್ದಿದ್ದರೂ ಆಸ್ಪತ್ರೆಗೆ ಓಡಿ. ಹತ್ತಾರು ಮುಳ್ಳು ಬಿದ್ದಿದ್ದರೆ ಏನೂ ಆಗಿಲ್ಲವೆನಿಸಿದರೂ ಹೋಗಿ. ಸುಣ್ಣ, ಅರಿಸಿನ ಹಚ್ಚುತ್ತ ಮನೆಯಲ್ಲಿ ಕೂರಬೇಡಿ.